ದಸರಾ ಕುಸ್ತಿಗೆ ಜೋಡಿ ಕಟ್ಟುವುದು ಹೇಗೆ?

ಪ್ರಶ್ನೆ: ಟಿ.ವಿ. ಕುಸ್ತಿಯಲ್ಲಿ ಪಂದ್ಯಕ್ಕೆ ಮೊದಲೇ ಜಗಳ, ಸವಾಲು ಎಲ್ಲ ಇರುತ್ತದೆ. ನಮ್ಮ ದಸರಾ ಕುಸ್ತಿಯಲ್ಲೂ ಹಾಗೆಯೇ?
– ಓದುಗರು, ಎನ್. ಬೇಗೂರು

ಉತ್ತರ: ಡಬ್ಲ್ಯುಡಬ್ಲ್ಯುಇ ಪೈಲ್ವಾನರ ಹಗೆತನ ಬರಹಗಾರರು ಹೆಣೆದ ಕಥೆ, ಗೆಲ್ಲುವವರೂ ಮೊದಲೇ ನಿಗದಿ. ಮೈಸೂರಿನ ನಾಡಕುಸ್ತಿಯ ದಾರಿ ಬೇರೆ. ದಸರೆಗೆ ಮುಂಚೆ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ‘ಜೋಡಿ ಕಟ್ಟುವ’ ಕೆಲಸ ನಡೆಯುತ್ತದೆ. ಗರಡಿಗಳಿಂದ ಬಂದ ಪೈಲ್ವಾನರ ತೂಕ, ಮೈಕಟ್ಟು, ಅನುಭವ ನೋಡಿ, ಸಮಬಲರನ್ನು ಎದುರುಬದುರು ನಿಲ್ಲಿಸುತ್ತಾರೆ. ಇಬ್ಬರೂ ಕೈ ಮಿಲಾಯಿಸಿದರೆ ಜೋಡಿ ಆದಂತೆ. ಆಮೇಲೆ ಗರಡಿ ಗರಡಿಗಳ ಪೈಪೋಟಿ, ಅಭಿಮಾನಿಗಳ ಲೆಕ್ಕಾಚಾರ ಜೋರಾಗುತ್ತದೆ. ಫಲಿತಾಂಶ ಮಾತ್ರ ಮಟ್ಟಿಯ ಕೆಂಪು ಮಣ್ಣಿನಲ್ಲೇ ತೀರ್ಮಾನ. ದಸರಾ ಕೇಸರಿ, ದಸರಾ ಕುಮಾರ, ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಪ್ರಶಸ್ತಿಗಳೂ ಇವೆ. ಈ ಸಲ ಜೋಡಿ ಕಟ್ಟುವ ದಿನವೇ ಹೋಗಿ ನೋಡಿ.