ನಿಮಗಿದು ಗೊತ್ತೆ? ಅಮೆರಿಕದ ಕಂಪ್ಯೂಟರ್, ನಮ್ಮೂರ ಕರೆಂಟು

ಅಮೆರಿಕದ ಮನೆಗಳಿಗೆ ಬರುವ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್. ಭಾರತದಲ್ಲಿ 230 ವೋಲ್ಟ್, 50 ಹರ್ಟ್ಸ್. ಅಲ್ಲಿಂದ ತಂದ ಡೆಸ್ಕ್‌ಟಾಪ್ ಇಲ್ಲಿ ನಡೆಯುತ್ತದೆಯೆ? ಬಹುಪಾಲು ನಡೆಯುತ್ತವೆ.

• ಕಂಪ್ಯೂಟರಿನ ಒಳಭಾಗಗಳಿಗೆ ಬೇಕಿರುವುದು 12, 5 ಮತ್ತು 3.3 ವೋಲ್ಟಿನ ಡಿಸಿ. ಅದನ್ನು ಒದಗಿಸುವ ಎಸ್‌ಎಂಪಿಎಸ್, ಬಂದ ಎಸಿಯನ್ನು ಮೊದಲು ಡಿಸಿ ಮಾಡಿಕೊಳ್ಳುತ್ತದೆ. ಹಾಗಾಗಿ ಹರ್ಟ್ಸ್ ವ್ಯತ್ಯಾಸ ಬಾಧಿಸದು.

• ಎಸ್‌ಎಂಪಿಎಸ್ ಮೇಲಿನ ಚೀಟಿಯಲ್ಲಿ 100–240 ವೋಲ್ಟ್ ಎಂದಿದ್ದರೆ ಚಿಂತೆಯಿಲ್ಲ.

• ಹಳೆಯ ಹಲವು ಎಸ್‌ಎಂಪಿಎಸ್‌ಗಳ ಹಿಂಬದಿಯಲ್ಲಿ 115/230 ಸ್ವಿಚ್ ಇರುತ್ತದೆ. ಅದು 115ರಲ್ಲೇ ಇದ್ದಾಗ ಇಲ್ಲಿನ ಕರೆಂಟು ಕೊಟ್ಟರೆ ಫ್ಯೂಸ್ ಹೋಗಬಹುದು, ಕೆಪಾಸಿಟರ್ ಸಿಡಿಯಬಹುದು. ಪ್ಲಗ್ ಹಾಕುವ ಮೊದಲೇ 230ಕ್ಕೆ ಸರಿಸಿ.

• ಪಿನ್ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ. ಮಾನಿಟರ್, ಪ್ರಿಂಟರ್, ಸ್ಪೀಕರ್‌ಗಳ ಚೀಟಿಗಳನ್ನೂ ತಪ್ಪದೆ ನೋಡಿ.