ಸಂತೆಯಲ್ಲಿ ಬಿಟ್ಟ ಹೆಣ್ಣು ಮರಿ ಎಲ್ಲಿಗೆ ಹೋಗುತ್ತದೆ?

ಕಾರ್ತೀಕ ಕಳೆದು ಎರಡು ತಿಂಗಳಾಗುವ ಹೊತ್ತಿಗೆ ಹುಲ್ಲಿನ ಬಣವೆಯ ಸಂದಿಯಲ್ಲಿ, ಪಂಪ್‌ಸೆಟ್ ಮನೆಯ ಹಿಂದೆ ನಾಯಿ ಮರಿ ಹಾಕಿರುವುದನ್ನು ನೀವೆಲ್ಲ ಕಂಡವರೇ. ಇದ್ದ ನಾಲ್ಕೈದು ಮರಿಗಳಲ್ಲಿ ಗಟ್ಟಿಯಾದ ಒಂದು ಗಂಡನ್ನು ಆರಿಸಿ ಇಟ್ಟುಕೊಳ್ಳುತ್ತೇವೆ. ಹೆಣ್ಣು ಮರಿಗಳು ಗೊಬ್ಬರದ ಚೀಲ ಸೇರಿ, ಸಂತೆಮಾಳದಲ್ಲೋ ಹೆದ್ದಾರಿಯ ಹೋಟೆಲಿನ ಪಕ್ಕದಲ್ಲೋ ಇಳಿಯುತ್ತವೆ. ಹುಡುಗನಾಗಿದ್ದಾಗ ಈ ಕೆಲಸವನ್ನು ನಾನೂ ಮಾಡಿದ್ದೇನೆ. "ಯಾರಾದರೂ ಸಾಕ್ಕೋತಾರೆ, ಬಿಟ್ಟು ಬಾ" ಎಂದಿದ್ದರು ಮನೆಯಲ್ಲಿ. ಆ ಮಾತು ಎಷ್ಟು ಸುಳ್ಳು ಎಂಬುದು ತಿಳಿದದ್ದು ಕಳೆದ ವರ್ಷ ಸಂಕ್ರಾಂತಿಯ ನಂತರ, ಬೆಂಗಳೂರಿನ ಹೊರವಲಯದ ನಾಯಿಗಳ ಆಶ್ರಯ ಕೇಂದ್ರವೊಂದರಲ್ಲಿ ಒಂದು ದಿನ ಕಳೆದಾಗ.

ನಮ್ಮ ಹೋಬಳಿಯ ರೈತರೊಬ್ಬರಿಗೆ ತೆಂಗಿನ ತೋಟಕ್ಕೆ ಕಾವಲು ನಾಯಿ ಬೇಕಿತ್ತು. ಸಾವಿರಾರು ರೂಪಾಯಿ ಕೊಟ್ಟು ಜಾತಿ ನಾಯಿ ತರಲು ಹೊರಟಿದ್ದ ಅವರನ್ನು ನಾನೇ ಒತ್ತಾಯ ಮಾಡಿ ಅಲ್ಲಿಗೆ ಕರೆದೊಯ್ದೆ.

ಕೊಟ್ಟಿಗೆಯ ಕೆಲಸವೇ ಇಲ್ಲೂ

ಕೇಂದ್ರದಲ್ಲಿ ಬೆಳಗಿನ ಮೊದಲ ಕೆಲಸ ಗೂಡುಗಳ ಸ್ವಚ್ಛತೆ. ನೆಲ ತೊಳೆದು, ಬ್ಲೀಚಿಂಗ್ ಪುಡಿ ಕಲಸಿದ ನೀರು ಹಾಕಿ, ಒಣಗಲು ಬಿಡುತ್ತಾರೆ. ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಬರಿಯ ನೀರಿಗೆ ಸಾಯುವುದಿಲ್ಲ. ಅನಂತರ ಊಟ, ಔಷಧ, ಗಾಯಗಳಿಗೆ ಪಟ್ಟಿ. ಹುಳು ಬಿದ್ದ ಕಿವಿ, ವಾಹನಕ್ಕೆ ಸಿಕ್ಕಿ ಮುರಿದ ಕಾಲು, ಚರ್ಮರೋಗದಿಂದ ಬೋಳಾದ ಮೈ – ಇವು ಅಲ್ಲಿ ನಿತ್ಯದ ನೋಟ. ಹೊಸದಾಗಿ ಬಂದ ನಾಯಿಯನ್ನು ಸುಮಾರು ಎರಡು ವಾರ ಬೇರೆ ಇಟ್ಟು ನೋಡುತ್ತಾರೆ. ಸಂತೆಯಿಂದ ತಂದ ಕುರಿಯನ್ನು ಕೂಡಲೇ ಮಂದೆಗೆ ಸೇರಿಸದಿರುವ ಜಾಣತನವೇ ಇದು.

ಮರಿಗಳ ಗೂಡಿನಲ್ಲಿ ಹೆಚ್ಚಿನವು ಹೆಣ್ಣು. ನಾವು ಇದ್ದಾಗಲೇ ಮೂರು ಮರಿಗಳನ್ನು ಯಾರೋ ರಸ್ತೆ ಬದಿಯಿಂದ ಎತ್ತಿ ತಂದರು. ಮೂರೂ ಹೆಣ್ಣು, ಬಂದದ್ದೂ ಗೊಬ್ಬರದ ಚೀಲದಲ್ಲೇ. ತಾಯಿ ಹಾಲು ತಪ್ಪಿದ ಮರಿಗೆ ರೋಗ ತಡೆಯುವ ಶಕ್ತಿ ಕಡಿಮೆ. ಡ್ರಿಪ್ ಹಾಕಿದರೂ ಸಂಜೆಗೆ ಒಂದು ಉಳಿಯಲಿಲ್ಲ. ನಮ್ಮ ರೈತರು ಆ ಚೀಲವನ್ನೇ ನೋಡುತ್ತ ನಿಂತಿದ್ದರು. ನಾನೂ ಮಾತಾಡಲಿಲ್ಲ.

ನಾಯಿ ಕೊಡುವ ಮುನ್ನ ವಿಚಾರಣೆ

ಅದಕ್ಕೂ ಮೊದಲು ಬೆಳಿಗ್ಗೆ, "ಒಂದು ಗಂಡು ಮರಿ ಕೊಡಮ್ಮ" ಎಂದು ಅವರು ಕೇಳಿದ್ದರು.

"ಕೊಡೋಣ ಅಣ್ಣ. ಹಗಲು ತೋಟದಲ್ಲಿ ಯಾರಿರ್ತೀರಿ? ಸದಾ ಕಟ್ಟಿ ಹಾಕ್ತೀರಾ? ಚಿರತೆ ಕಾಟ ಇದೆಯಾ? ಕೋಳಿ ಸಾಕಿದ್ದೀರಾ?" ಎಂದು ಮೇಲ್ವಿಚಾರಕಿ ಶುರು ಮಾಡಿದರು.

"ಹೆಣ್ಣು ಕೇಳೋಕೆ ಬಂದೋರನ್ನ ವಿಚಾರಿಸಿದ ಹಾಗೆ ವಿಚಾರಿಸ್ತಾರಲ್ಲ ಸಾರ್!" ಎಂದು ನಮ್ಮವರು ನನ್ನ ಕಡೆ ತಿರುಗಿ ಸಿಡುಕಿದರು. ಆದರೆ ಆ ವಿಚಾರಣೆಗೆ ಅರ್ಥವಿದೆ. ಹೊಂದದ ಮನೆಗೆ ಹೋದ ನಾಯಿ ಮತ್ತೆ ಬೀದಿಗೇ ಬೀಳುತ್ತದೆ.

ಆಕೆ ತೋರಿಸಿದ್ದು ಎರಡು ವರ್ಷದ ಕಂದು ಬಣ್ಣದ ನಾಟಿ ಹೆಣ್ಣು ನಾಯಿ. ಕಿವಿಯ ತುದಿಯಲ್ಲಿ ಕಚ್ಚು ಇತ್ತು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬುದಕ್ಕೆ ಅದೇ ಗುರುತು.

"ಹೆಣ್ಣು ಬೇಡಮ್ಮ. ಕಾರ್ತೀಕ ಬಂದರೆ ಊರ ಗಂಡು ನಾಯಿಗಳೆಲ್ಲ ನಮ್ಮ ತೋಟದಲ್ಲೇ ಇರ್ತವೆ."

"ಆಪರೇಷನ್ ಆದದ್ದು ಬೆದೆಗೆ ಬರಲ್ಲ ಅಣ್ಣ. ಗಂಡು ಇಟ್ಟುಕೊಂಡರೆ ಅದೇ ನಿಮ್ಮ ತೋಟ ಬಿಟ್ಟು ಅಲೆಯೋಕೆ ಹೋಗುತ್ತೆ. ಆಗ ಕಾವಲು ಯಾರು?"

ನಮ್ಮವರ ಬಳಿ ಉತ್ತರವಿರಲಿಲ್ಲ. ಸಂಜೆ ಆ ಹೆಣ್ಣು ನಾಯಿಯೇ ನಮ್ಮ ಜೊತೆ ಊರಿಗೆ ಬಂತು. ಮೊದಲೆರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಪಂಪ್‌ಸೆಟ್ ಮನೆಯ ಜಗಲಿ ತನ್ನದೆಂದು ತೀರ್ಮಾನಿಸಿತು. ಅಲ್ಲಿಂದೀಚೆಗೆ ಒಂದು ಕಾರ್ತೀಕ ಕಳೆಯಿತು. ಅದು ತೋಟ ಬಿಟ್ಟು ಕದಲಿಲ್ಲ.

ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯಿಂದ ಬೀದಿ ನಾಯಿಗಳನ್ನು ನಿಯಂತ್ರಿಸುವ ಕ್ರಮವನ್ನು ಮದ್ರಾಸಿನ ಬ್ಲೂ ಕ್ರಾಸ್ ಸಂಸ್ಥೆ 1964ರಲ್ಲಿ ಕೈಗೊಂಡಿತು. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಕ್ಯೂಪಾ ಸಂಸ್ಥೆ ಸ್ಥಾಪಿಸಿದರು. ಕೇಂದ್ರ ಸರ್ಕಾರ ಇದಕ್ಕಾಗಿ 2001ರಲ್ಲಿ ನಿಯಮ ಮಾಡಿ, 2023ರಲ್ಲಿ ಹೊಸ ನಿಯಮ ತಂದಿತು. ಆದರೆ ಹೆಣ್ಣು ನಾಯಿ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಸಲವೂ ಹಾಕಬಲ್ಲದು. ನಾವು ಚೀಲ ತುಂಬಿ ಕಳಿಸುತ್ತಲೇ ಇದ್ದರೆ ಯಾವ ಕೇಂದ್ರವೂ ಸಾಲದು.

ನೀವು ಮಾಡಬೇಕಾದುದು

1. ಮರಿಗಳು ಎಂಟು ವಾರ ತಾಯಿಯ ಜೊತೆ ಇರಲಿ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ.

2. ಜಂತು ಔಷಧವನ್ನು ಮರಿ ಇರುವಾಗಲೇ ಕೊಡಿಸಿ. ಆರರಿಂದ ಎಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಲಸಿಕೆ ಆರಂಭಿಸಿ. ಮೂರು ತಿಂಗಳಿಗೆ ಹುಚ್ಚು ನಾಯಿ ರೋಗದ ಲಸಿಕೆ ಹಾಕಿಸಿ. ಮುಂದಿನ ಲಸಿಕೆಗಳನ್ನು ವೈದ್ಯರು ಹೇಳಿದ ದಿನಕ್ಕೆ ತಪ್ಪಿಸಬೇಡಿ.

3. ಆರು ತಿಂಗಳ ಸುಮಾರಿಗೆ ಶಸ್ತ್ರಚಿಕಿತ್ಸೆ ಮಾಡಿಸಲು ಪಶುವೈದ್ಯರನ್ನು ಕಾಣಿರಿ.

4. ಬರಿಯ ರಾಗಿ ಮುದ್ದೆ ಸಾಲದು. ಬೇಯಿಸಿದ ಮೊಟ್ಟೆ, ಮಾಂಸದ ಚೂರು ಸೇರಿಸಿ. ಈರುಳ್ಳಿ ಬೇಡ.

5. ಉಣ್ಣೆ ಸಾಯಲೆಂದು ಬೆಳೆಗೆ ಹೊಡೆಯುವ ಕೀಟನಾಶಕವನ್ನು ನಾಯಿಯ ಮೈಗೆ ಹಚ್ಚಬೇಡಿ. ಇಲಿ ಪಾಷಾಣವನ್ನು ನಾಯಿಗೆ ಎಟುಕುವಂತೆ ಇಡಬೇಡಿ.

6. ಚಿರತೆ ಬರುವ ಕಡೆ ರಾತ್ರಿ ನಾಯಿಯನ್ನು ಬಯಲಲ್ಲಿ ಕಟ್ಟಬೇಡಿ. ಬಾಗಿಲು ಹಾಕುವ ಜಾಗದಲ್ಲಿ ಮಲಗಿಸಿ.

7. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರದ ಪುಡಿ, ಎಕ್ಕದ ಹಾಲು ಹಚ್ಚಬೇಡಿ. ರೋಗ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಜೊಲ್ಲು ಸುರಿಸುತ್ತ ವಿಚಿತ್ರವಾಗಿ ಕೂಗುವ ಹಸುವಿನ ಬಾಯಿಗೆ, ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಕೈ ಹಾಕಲೂ ಬೇಡಿ. ಅದೂ ಇದೇ ರೋಗವಿರಬಹುದು.

ಮುಂದಿನ ಕಾರ್ತೀಕಕ್ಕೆ ಮೊದಲೇ ನಿಮ್ಮ ಹೆಣ್ಣು ನಾಯಿಯನ್ನು ಪಶು ಚಿಕಿತ್ಸಾಲಯಕ್ಕೆ ಕರೆದೊಯ್ಯಿರಿ. ತೋಟಕ್ಕೆ ನಾಯಿ ಬೇಕಾದವರು ಹಣ ಎಣಿಸುವ ಮೊದಲು ಹತ್ತಿರದ ಆಶ್ರಯ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ. ಅಲ್ಲಿ ಕಾಯುತ್ತಿರುವುದು ನಮ್ಮ ಊರುಗಳಿಂದಲೇ ಹೋದ ನಾಯಿ.