ಇಜಿಆರ್ ವಾಲ್ವ್ ಬದಲಾಯಿಸುವ ಮುನ್ನ

ಹತ್ತು ಹನ್ನೆರಡು ವರ್ಷ ಓಡಿದ ಡೀಸೆಲ್ ಕಾರು ಏರುದಾರಿಯಲ್ಲಿ ಎಳೆಯದೆ ಕಪ್ಪು ಹೊಗೆ ಉಗುಳತೊಡಗಿ, ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಾಗ, ಗ್ಯಾರೇಜಿನಲ್ಲಿ ಅನುಮಾನಕ್ಕೆ ಗುರಿಯಾಗುವ ಭಾಗಗಳಲ್ಲಿ ಇಜಿಆರ್ ವಾಲ್ವ್ ಮುಖ್ಯವಾದುದು. ಇಂಜಿನ್ನಿನಿಂದ ಹೊರಬೀಳುವ ಹೊಗೆಯ ಒಂದು ಪಾಲನ್ನು ಸೈಲೆನ್ಸರಿನತ್ತ ಬಿಡದೆ ಮತ್ತೆ ಒಳಗೆಳೆಯುವ ಗಾಳಿಗೆ ಬೆರೆಸುವ ವ್ಯವಸ್ಥೆಯೇ ಇಜಿಆರ್. ಎಷ್ಟು ಹೊಗೆಯನ್ನು ಯಾವಾಗ ಬೆರೆಸಬೇಕೆಂಬುದನ್ನು ಈ ವಾಲ್ವ್ ತೆರೆದು ಮುಚ್ಚಿ ನಿಯಂತ್ರಿಸುತ್ತದೆ.

ಗಾಳಿಯಲ್ಲಿ ಶೇ. 78ರಷ್ಟಿರುವ ಸಾರಜನಕವು ಸಾಮಾನ್ಯ ಶಾಖದಲ್ಲಿ ಆಮ್ಲಜನಕದೊಡನೆ ಕೂಡುವುದಿಲ್ಲವಾದರೂ, ಸಿಲಿಂಡರಿನ ಉರಿಯ ಶಾಖ ಸುಮಾರು 1,400 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸನ್ನು ದಾಟುತ್ತಿದ್ದಂತೆ ಅವೆರಡೂ ವೇಗವಾಗಿ ಬೆರೆತು ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಉಸಿರಾಟದ ಅಂಗಗಳನ್ನು ಕೆರಳಿಸುವ, ಬಿಸಿಲಿನಲ್ಲಿ ನೆಲಮಟ್ಟದ ಓಝೋನ್ ಹುಟ್ಟಲು ಕಾರಣವಾಗುವ ಅನಿಲಗಳಿವು. ಆಮ್ಲಜನಕ ಕಡಿಮೆಯಿರುವ ಹೊಗೆ ಬೆರೆತಾಗ ಉರಿಯ ಶಾಖ ತಗ್ಗುವುದರಿಂದ ಇವುಗಳ ಉತ್ಪತ್ತಿಯೂ ತಗ್ಗುತ್ತದೆ.

ಹೊಗೆಯಲ್ಲಿನ ಮಸಿಯು ಇಂಜಿನ್ ಆಯಿಲಿನ ಆವಿಯೊಡನೆ ಸೇರಿ ಅಂಟಾದ ಪದರವಾಗಿ ಕಟ್ಟಿಕೊಳ್ಳುವುದೇ ವಾಲ್ವ್ ಸಿಕ್ಕಿಕೊಳ್ಳಲು ಸಾಮಾನ್ಯ ಕಾರಣ. ಅದು ತೆರೆದೇ ಉಳಿದರೆ, ಪೂರ್ತಿ ಗಾಳಿ ಬೇಕಾದ ಹೊತ್ತಿನಲ್ಲೂ ಹೊಗೆ ಒಳನುಗ್ಗಿ, ಡೀಸೆಲ್ ಅರೆಬರೆ ಉರಿದು, ಪಿಕಪ್ ಕುಸಿದು ಕಪ್ಪು ಹೊಗೆ ಬರುತ್ತದೆ. ಮುಚ್ಚಿಯೇ ಉಳಿದರೆ ಚಾಲಕನಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡುಗಳಷ್ಟೇ ಏರುತ್ತವೆ.

ಸ್ಕ್ಯಾನರಿನಲ್ಲಿ ಪಿ0401 ಎಂಬ ಕೋಡ್ ಬಂದರೆ ಹೊಗೆಯ ಹರಿವು ಸಾಲದೆಂದೂ, ಪಿ0402 ಬಂದರೆ ಹೆಚ್ಚಾಗಿದೆಯೆಂದೂ ಅರ್ಥ. ಎರಡೂ ಹರಿವಿನ ಮಾತನ್ನು ಹೇಳುತ್ತವೆಯೇ ಹೊರತು ವಾಲ್ವ್ ಕೆಟ್ಟಿದೆಯೆಂದು ಹೇಳುವುದಿಲ್ಲ ಎಂಬುದನ್ನು ಮರೆತಲ್ಲಿ ದುಬಾರಿ ಭಾಗವೊಂದನ್ನು ಸುಮ್ಮನೆ ಬದಲಾಯಿಸಿದಂತಾಗುತ್ತದೆ. ಅನೇಕ ಡೀಸೆಲ್ ಕಾರುಗಳ ಕಂಪ್ಯೂಟರು ಈ ಹರಿವನ್ನು ನೇರವಾಗಿ ಅಳೆಯದೆ, ಏರ್ ಫಿಲ್ಟರಿನ ಬಳಿಯ ಗಾಳಿ ಅಳೆಯುವ ಸೆನ್ಸರಿನಿಂದ ಊಹಿಸಿಕೊಳ್ಳುವುದರಿಂದ, ಧೂಳು ಹಿಡಿದ ಸೆನ್ಸರ್ ಅಥವಾ ಟರ್ಬೊದಿಂದ ಇಂಜಿನ್ನಿಗೆ ಹೋಗುವ ಸೀಳಿದ ಹೋಸ್ ಕೂಡ ಇಂಥ ಕೋಡನ್ನು ತೋರಿಸಬಲ್ಲದು. ಇವನ್ನು ಮೊದಲು ನೋಡಬೇಕು.

ನಿರ್ವಾತದ ಸೆಳೆತದಿಂದ, ಅಂದರೆ ವ್ಯಾಕ್ಯೂಮಿನಿಂದ, ತೆರೆಯುವ ಹಳೆಯ ಬಗೆಯ ವಾಲ್ವಿಗೆ ಕೈಪಂಪು ಜೋಡಿಸಿ ಎಳೆದಾಗ ಸೆಳೆತ ನಿಲ್ಲದೆ ಇಳಿದುಹೋದರೆ ಒಳಗಿನ ರಬ್ಬರ್ ಪೊರೆ ಹರಿದಿರುವ ಸಾಧ್ಯತೆ ಹೆಚ್ಚು. ಸೆಳೆತ ನಿಂತು ವಾಲ್ವೂ ಸರಿಯಾಗಿ ಆಡಿದರೆ, ಸೆಳೆತ ತರುವ ಸಣ್ಣ ಹೋಸನ್ನೂ ಅದನ್ನು ನಿಯಂತ್ರಿಸುವ ಸೊಲೆನಾಯ್ಡನ್ನೂ ಪರೀಕ್ಷಿಸಬೇಕು. ವಿದ್ಯುತ್ತಿನಿಂದ ತೆರೆಯುವ ವಾಲ್ವಾದರೆ, ಸ್ಕ್ಯಾನರಿನಿಂದಲೇ ತೆರೆಯಲು ಆದೇಶ ಕೊಟ್ಟು ಅದು ನಿಜವಾಗಿ ಎಷ್ಟು ತೆರೆಯಿತೆಂದು ಹೋಲಿಸಬಹುದು. ಇಂಜಿನ್ ಓಡುತ್ತಿರುವಾಗ ವಾಲ್ವ್ ತೆರೆದೊಡನೆ ಹೊರಗಿನಿಂದ ಬರುವ ಗಾಳಿಯ ಅಳತೆ ಇಳಿಯಬೇಕು. ವಾಲ್ವ್ ಸರಿಯಾಗಿ ಆಡಿಯೂ ಅಳತೆ ಕದಲದಿದ್ದರೆ, ಹೊಗೆಯ ದಾರಿಯೇ ಮಸಿಯಿಂದ ಕಟ್ಟಿದೆಯೆಂದು ಶಂಕಿಸಬೇಕು.

ಪರೀಕ್ಷೆಯ ಶ್ರಮ ಬೇಡವೆಂದು ಲೋಹದ ಪ್ಲೇಟ್ ಇಟ್ಟು ದಾರಿಯನ್ನೇ ಮುಚ್ಚಿಬಿಡುವ ಅಡ್ಡಹಾದಿಯೂ ಬಳಕೆಯಲ್ಲಿದೆ. ಡೀಸೆಲ್ ವಾಹನಗಳ ಪಿಯುಸಿ ತಪಾಸಣೆ ಅಳೆಯುವುದು ಹೊಗೆಯ ಸಾಂದ್ರತೆಯನ್ನೇ ಹೊರತು ನೈಟ್ರೋಜನ್ ಆಕ್ಸೈಡುಗಳನ್ನಲ್ಲವಾದ್ದರಿಂದ ಇಂಥ ಕಾರು ಸಲೀಸಾಗಿ ಪ್ರಮಾಣಪತ್ರ ಪಡೆಯಬಹುದು. ಹೊಗೆ ಕಡಿಮೆಯಾಯಿತೆಂಬ ನೆಮ್ಮದಿಯ ಹಿಂದೆ ವಿಷ ಹೆಚ್ಚುವ ಈ ಉಪಾಯವನ್ನು ದುರಸ್ತಿ ಎನ್ನಲಾಗದು.

ಕೆಟ್ಟಿರದೆ ಮಸಿ ಮಾತ್ರ ಕಟ್ಟಿದ ವಾಲ್ವನ್ನು, ಇಂಜಿನ್ ತಣಿದ ಮೇಲೆ ಬಿಚ್ಚಿ, ವಿದ್ಯುತ್ ಭಾಗಕ್ಕೆ ದ್ರವ ಇಳಿಯದಂತೆ ಕ್ಲೀನರಿನಿಂದ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಬಹುದು; ಬಳಿಕ ಕೋಡನ್ನು ಅಳಿಸಿ, ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಸ್ಕ್ಯಾನ್ ಮಾಡಿದಾಗಲೇ ದೋಷ ಹೋಯಿತೇ ಇಲ್ಲವೇ ಎಂಬುದು ಗೊತ್ತಾಗುತ್ತದೆ.